ಸ್ಪೀಕರಿನಿಂದ ಬಂದ ಗುಡುಗು

ಆಗಸ್ಟ್ 16, ಶನಿವಾರ

ಅಣ್ಣ ವೆಂಡೆಲ್ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಅಪ್ಪನ ಐವತ್ತೈದು ವರ್ಷ ಹಳೆಯ ಕಾರನ್ನು ತಾನಿಟ್ಟುಕೊಂಡು, ಅದೇ ಹೆಸರಿನ, ಅದೇ ಮೈಕಟ್ಟಿನ ಹೊಸದನ್ನು ಅವರಿಗೆ ಕೊಡುವ ಆತುರ ಅವನಿಗೇಕೆ?

ಇಂದು ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಗೆ ಆ ಹೊಸದನ್ನೇ ತಂದ. ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪ ಒಳಗೆ ಕೂತು, ಕಾರು ಶುರು ಮಾಡಿ, ಸದ್ದು ಕೇಳುತ್ತ ಕಣ್ಣು ಮುಚ್ಚಿದರು.

"ಅದೇ ದನಿ ಅಲ್ವೇನಪ್ಪಾ?" ಎಂದ ವೆಂಡೆಲ್.

ಅಪ್ಪ ಇಳಿದು, ಬಾಗಿಲು ಮುಚ್ಚಿ, ಬಾನೆಟ್ ಮೇಲೆ ಅಂಗೈ ಇಟ್ಟರು. ಹೊರಗೆ ಅರ್ಧ ಸದ್ದೂ ಇರಲಿಲ್ಲ.

"ಒಳಗಿನ ಗುಡುಗು ಎಂಜಿನ್ನಿಂದಲ್ಲ, ಸ್ಪೀಕರಿಂದು ಕಣೋ. ಮೊಣಕಾಲು ಹೋಗಿದೆ, ಕಿವಿ ಹೋಗಿಲ್ಲ."

ವೆಂಡೆಲ್ ಮುಖ ಕೆಂಪಾಯಿತು. "ಆ ಮೊಣಕಾಲಿಟ್ಕೊಂಡು ಹಳೇದರ ಕ್ಲಚ್ ತುಳಿದು ಎಲ್ಲಾದ್ರೂ ಗುದ್ದಿದ್ರೆ?"

"ಹಾಗಂತ ಹೇಳು. ಅದೇ ಕಾರು ಅಂತ ಯಾಕೋ ಪುಸಲಾಯಿಸ್ತೀಯ?"

ಆಮೇಲೆ ಹಳೆಯ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. "ಇವಳ ಹತ್ರ ಇರ್ಲಿ. ಇವಳಿಗೆ ಗೇರ್ ಹಾಕೋಕೇ ಬರಲ್ಲ, ನಂಬಬಹುದು."

ಇಬ್ಬರೂ ನಕ್ಕರು. ನಾನೂ ನಕ್ಕೆ.

ಎಂ.ಎ. ಓದುವಾಗಲೇ ಗೆಳತಿಯ ಕಾರಿನಲ್ಲಿ ಗೇರ್ ಹಾಕುವುದನ್ನು ಕಲಿತಿದ್ದೆ. ಇಡೀ ದಿನ ಅಣ್ಣನನ್ನೇ ಶಂಕಿಸಿದವಳು, ಆ ಹೊತ್ತಿನಲ್ಲಿ ಅದನ್ನೇಕೆ ಹೇಳಲಿಲ್ಲ ನಾನು?