ಹಸಿರು ಗೆರೆ

೧೪ ನವೆಂಬರ್ ೨೦೨೪, ಗುರುವಾರ. ಬೈಲಹೊಂಗಲ.

‘ಗಾಯದ ಗುರುತು ಇಲ್ಲ.’ ತಂಗೆವ್ವನ ಬಲಗಣ್ಣಿಗೆ ಅರೆಗಳಿಗೆ ಟಾರ್ಚು ಹಿಡಿದ ಡಾಕ್ಟರ ಇಷ್ಟೇ ಬರೆದುಕೊಟ್ಟ. ಆ ಕಣ್ಣಿಗೆ ಸೋಮವಾರದಿಂದ ಏನೂ ಕಾಣುತ್ತಿಲ್ಲ.

ಸೋಮವಾರ ಸಂಜೆ ಕಿತ್ತೂರಿನ ಹತ್ತಿರ ಹೆದ್ದಾರಿ ತಡೆದು ಕೂತಿದ್ದೆವು. ದಾಟುವಾಗ ನಮ್ಮವರು ಸಾಯುತ್ತಿದ್ದಾರೆ, ಕೆಳಸೇತುವೆ ಕಟ್ಟಿಸಿ ಎಂದು ಕೇಳಿದ್ದೆವು, ಅಷ್ಟೇ. ಪೊಲೀಸರು ಹೊಸ ಲೇಸರ್ ಬಂದೂಕು ತಂದು ತಂಗೆವ್ವ ಕೂತಿದ್ದ ಮುಂದಿನ ಸಾಲಿನ ಮುಖಕ್ಕೇ ಹಸಿರು ಬೆಳಕು ಬಿಟ್ಟರು.

“ಬರೇ ಬೆಳಕು ಬಿಟ್ಟೇವಿ, ಗುಂಡಲ್ಲ” ಎಂದು ಇವತ್ತು ದೂರು ಕೊಡಲು ಹೋದಾಗ ಠಾಣೆಯ ಫೌಜದಾರ ನಕ್ಕ.

ತಂಗೆವ್ವ ಬಿಡಲಿಲ್ಲ. “ಬರೇ ಬೆಳಕಾದ್ರ ನಿಮ್ಮ ಕಣ್ಣಾಗ ಹಚ್ಕೊಳ್ರಿ ಸಾಹೇಬ್ರ, ದೀಪದ ಎಣ್ಣಿ ನಾ ಹಾಕತೇನಿ.”

ಲಾಠಿ ಬಾಸುಂಡೆ ಬಿಡುತ್ತದೆ, ಗುಂಡು ತೂತು ಬಿಡುತ್ತದೆ. ಗುರುತು ಬಿಡದ ಆಯುಧ ಬೇಕಿತ್ತು ಈ ಹೇಡಿಗಳಿಗೆ.

ಆದರೆ ಅಂದು ತಂಗೆವ್ವನ ಮಗಳು ಶೀತಲ ಪಕ್ಕದಲ್ಲೇ ಕೂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಆಮೇಲೆ ಅದರಲ್ಲಿ ಯಾವ ಫೋಟೋ ತೆಗೆದರೂ ನಡುವೆ ಒಂದು ಹಸಿರು ಗೆರೆ. ರಿಪೇರಿ ಅಂಗಡಿಯವ ಬಿಚ್ಚಿ ನೋಡಿ, “ಬಿದ್ದು ಕೆಟ್ಟದ್ದಲ್ಲ ತಂಗಿ, ಕ್ಯಾಮೆರಾದ ಕಣ್ಣ ಸುಟ್ಟೈತಿ. ಹೊಸಾದು ಹಾಕ್ಲೇನು?” ಅಂದನಂತೆ.

“ಕೈ ಹಚ್ಚಬ್ಯಾಡ್ರಿ! ನಮ್ಮವ್ವನ ಸಾಕ್ಷಿ ಅದು” ಎಂದು ಕಸಿದುಕೊಂಡು ಬಂದಿದ್ದಾಳೆ ಹುಡುಗಿ.

ಈಗ ಡಾಕ್ಟರನ ಚೀಟಿಯನ್ನು ಅದೇ ಫೋನಿನಲ್ಲಿ ತೆಗೆದು ಕಳಿಸಿದ್ದಾಳೆ. ಬೇಕಂತಲೇ ಹಾಗೆ ಹಿಡಿದಿದ್ದಾಳೆ: ಹಸಿರು ಗೆರೆ ನೆಟ್ಟಗೆ ‘ಇಲ್ಲ’ದ ಮೇಲೆ ಬಿದ್ದು ಅದನ್ನು ನುಂಗಿದೆ. ಉಳಿದದ್ದು ಎರಡೇ ಮಾತು, ಗಾಯದ ಗುರುತು.

ನಾಳೆ ಇದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಆ ಫೌಜದಾರನ ಮೇಜಿನ ಮೇಲೆ ಇಡುತ್ತೇವೆ.