ನಡುವೆ ಬಾಯಿ ಹಾಕದವಳು

ತಿಪಟೂರು
೧೨ ಜುಲೈ ೧೯೮೪

ಚಿನ್ನದಂಥ ಗಿರಿಜಾ,

ನಿನ್ನ ಕಾಗದ ಬೆಳಿಗ್ಗೆ ಕೈಸೇರಿತು. ಬೆಂಗಳೂರಿನ ಎಂ.ಬಿ.ಎ. ಸೀಟನ್ನು ಪುಟ್ಟಗೌರಿಗೆ ಬಿಟ್ಟುಕೊಡಲೇ ಎಂದು ಕೇಳಿದ್ದೀಯ. ಉತ್ತರ ಬರೆಯಲು ಕುಳಿತು ಆಗಲೇ ಎರಡು ಹಾಳೆ ಹರಿದು ಹಾಕಿದೆ.

ಭಾನುವಾರ ನಿನ್ನ ದೊಡ್ಡಮ್ಮ ಭೂತಮ್ಮ ಮಗಳು ಪುಟ್ಟಗೌರಿಯನ್ನು ಕರೆದುಕೊಂಡು ನೊಣವಿನಕೆರೆಯಿಂದ ಬಂದಿದ್ದರು. ಪರಿಶಿಷ್ಟ ಜಾತಿಯವರಿಗೆ ಇದ್ದದ್ದು ಒಂದೇ ಸೀಟು, ಅದು ನಿನಗೆ ಬಂದಿದೆ, ಆ ಪಟ್ಟಿಯಲ್ಲಿ ನಿನ್ನ ಹಿಂದೆಯೇ ಪುಟ್ಟಗೌರಿ ಇದ್ದಾಳೆ ಎಂಬುದು ಅವರಿಗೆ ಗೊತ್ತಾಗಿತ್ತು. ಬರಹದ ಪರೀಕ್ಷೆಯಲ್ಲಿ ನಿನಗಿಂತ ಅವಳಿಗೇ ಹೆಚ್ಚು ಬಂದಿತ್ತಲ್ಲ, ಗುಂಪು ಚರ್ಚೆಯಲ್ಲಿ ಏನಾಯಿತು ಎಂದು ನಾನೇ ಕೇಳಿದೆ. ನಿಮ್ಮಿಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ್ದರೆಂದು ನೀನು ಹೇಳಿರಲಿಲ್ಲ.

"ಅಕ್ಕ ಮಾತಾಡ್ತಾ ಇದ್ರೆ ನಾನ್ ಹೆಂಗ್ ಚಿಕ್ಕಮ್ಮ ಮಧ್ಯ ಬಾಯಿ ಹಾಕ್ಲಿ?" ಅಂದಳು.

ನೀನು ಮುಗಿಸಲಿ ಎಂದು ಕಾದಳಂತೆ. ನೀನು ಮುಗಿಸಿದೊಡನೆ ಹುಡುಗರು ಶುರುಮಾಡಿದರಂತೆ. ಅಷ್ಟರಲ್ಲಿ ಹೊತ್ತಾಯಿತು ಎಂದು ಎಬ್ಬಿಸಿದರಂತೆ. ಎದುರಿಗಿರುವವರು ಯಾರೇ ಆಗಲಿ, ಹಿಂಜರಿಯದೆ ಮಾತಾಡು ಎಂದು ನಿನಗೆ ಕಲಿಸಿದವಳು ನಾನು. ಅವಳಿಗೆ ಕಲಿಸಿದ್ದು ಬೇರೆ. ಅವಳದ್ದು ತಪ್ಪು ಎಂದು ನನ್ನ ಬಾಯಲ್ಲಿ ಬರಲಿಲ್ಲ.

ದೊಡ್ಡಮ್ಮ ಜಗಳವಾಡಲಿಲ್ಲ. ನಿಮ್ಮವಳು ಹುಟ್ಟುವಾಗಲೇ ಇಂಗ್ಲಿಷಿನಲ್ಲಿ ಅತ್ತವಳು ಎಂದು ನಕ್ಕರು. ಬಾಗಿಲ ಬಳಿ ನಿಂತು ಮಾತ್ರ, "ನಿಮ್ಮುಡ್ಗಿ ಎಲ್ಲಾರ ಪಟ್ಟೀಲೂ ಕಾಯ್ತಾ ಅವ್ಳೆ. ನಮ್ಮುಡ್ಗಿಗೆ ಇದೊಂದೇ ಬಾಗ್ಲು ಕಣವ್ವ" ಅಂದರು.

ನಾನು ಮಿಷನ್ ಶಾಲೆಯಲ್ಲಿ ಓದಿದವಳು, ನಿನ್ನಪ್ಪ ತಾಲ್ಲೂಕು ಕಚೇರಿಯಲ್ಲಿದ್ದಾರೆ. ಆ ಸೀಟು ಮೀಸಲಿಟ್ಟಿದ್ದು ನಮ್ಮಂಥವರಿಗೇ ಎಂದು ಕೇಳಿಕೊಂಡರೆ, ಅಲ್ಲ ಅನ್ನಿಸುತ್ತದೆ. ಆದರೆ ಈ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ನನ್ನ ಇಂಗ್ಲಿಷ್ ಕೇಳಿ ಕಾಫಿಗೆ ಕರೆದವರೇ ಜಾತಿ ತಿಳಿದ ಮೇಲೆ ಮನೆ ಖಾಲಿಯಿಲ್ಲ ಅಂದದ್ದು ನೆನಪಾದರೆ, ನಮಗೂ ಹೌದು ಅನ್ನಿಸುತ್ತದೆ. ಹೀಗೆ ಭಾನುವಾರದಿಂದ ತೂಗುತ್ತಿದ್ದೇನೆ, ತಕ್ಕಡಿ ನಿಲ್ಲುತ್ತಿಲ್ಲ.

ನೀನು ಬಿಟ್ಟುಕೊಟ್ಟರೆ, ನಿನ್ನ ಹೆಸರು ಕಾಯುತ್ತಿರುವ ಸಾಮಾನ್ಯ ಪಟ್ಟಿಯಲ್ಲಿ ಯಾರಾದರೂ ಹಿಂದೆ ಸರಿಯುವವರೆಗೆ ಕಾಯಬೇಕು. ಸರಿಯದಿದ್ದರೆ ಈ ವರ್ಷ ಹೋಯಿತು, ಆಮೇಲೆ ನಿನ್ನಪ್ಪ ಮದುವೆಯ ಮಾತೆತ್ತುತ್ತಾರೆ. ಪುಟ್ಟಗೌರಿಯ ಮನೆಯಲ್ಲಿ ಅವಳ ಮದುವೆಗೆ ಅಷ್ಟು ಕೂಡ ಕಾಯುವುದಿಲ್ಲ.

ನಿನಗೆ ಇಪ್ಪತ್ತೆರಡು ತುಂಬಿದೆ. ಸೋಮವಾರ ಕೊನೆಯ ದಿನ, ನೀನೇ ಯೋಚಿಸಿ ತೀರ್ಮಾನ ಮಾಡು. ಅಮ್ಮ ಏನಂದುಕೊಂಡಾಳೋ ಎಂದು ನೋಡಬೇಡ. ಬಿಟ್ಟುಕೊಟ್ಟರೂ ನಾನು ಒಂದು ಮಾತೂ ಅನ್ನುವುದಿಲ್ಲ.

ಊಟ ತಪ್ಪಿಸಬೇಡ.

ನಿನ್ನ,
ಅಮ್ಮ

ಹೇಳಬಾರದು ಅಂದುಕೊಂಡಿದ್ದೆ: ದೊಡ್ಡಮ್ಮ ಬಾಗಿಲ ಬಳಿ ಆ ಮಾತು ಅಂದಾಗ, ನೀನು ಕಾಲೇಜಿಗೆ ಆಗಲೇ ಸೇರಿಯಾಯಿತು ಎಂದುಬಿಟ್ಟೆ. ಪುಟ್ಟಗೌರಿ ನಂಬಿದಳು. ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸ ಹಿಡಿದಿದ್ದಾಳೆ. ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ಅಕ್ಕನಿಗೆ ಹಾಸ್ಟೆಲ್ ಊಟ ಒಗ್ಗಿತೇ ಎಂದು ಕೇಳಿದಳು. ಒಗ್ಗಿದೆ ಅಂದೆ.