ಎಲ್ಲರ ಬಾಯಿಗೆ ರುಚಿಸಿದ ಮಾಂಸ

ಶಾಮ್ ಶುಯಿ ಪೊ, ಹಾಂಗ್‌ಕಾಂಗ್
ಮಾರ್ಚ್ ೧೪

ಮಗಳೇ ಯುಕ್-ಹಾ,

ನಾನು ಫುಂಗ್ ಮನೆತನದ ಹಿರಿಯ ಸೊಸೆ. ಹೆಬ್ಬಾತು ಸುಟ್ಟು ಮಾರುವ ಈ ಬೀದಿಯಲ್ಲಿ ನನ್ನೆದುರು ದನಿ ಎತ್ತಿದವರಿಲ್ಲ. ಅದನ್ನು ನೆನಪಿಟ್ಟುಕೊಂಡು ಇದನ್ನು ಓದು. ತೈಪೆಯ ಚಳಿಗೆ ನಿನ್ನ ಕೆಮ್ಮು ಹೆಚ್ಚಿರಬೇಕು. ಶುಂಠಿ ಕುದಿಸಿ ಕುಡಿ, ತಣ್ಣೀರು ಮುಟ್ಟಬೇಡ.

ಕಾಯಿಲೆ ಬಿದ್ದ ಅಪ್ಪನನ್ನು ನೋಡಲು ಬರಲೇ, ನೀನು ಬರೆದ ನಾಟಕಕ್ಕೆ ಅವರೇನಂದರು ಎಂದು ಕೇಳಿ ಬರೆದಿದ್ದೀಯ. ನಾಟಕ ಇಲ್ಲಿಗೆ ಬಂದಾಗ ಅವರಿಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ, ನಾನೊಬ್ಬಳೇ ಹೋದೆ. ರಂಗದ ಮೇಲಿನ ತಾಯಿ ನನ್ನ ತೊಯ್‌ಸಾನ್ ಹಳ್ಳಿಯ ಮಾತನ್ನೇ ಆಡಿದಳು. ಅವಳು ಬಾಯಿ ತೆರೆದಾಗಲೆಲ್ಲ ಜನ ನಕ್ಕರು. ಮಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ "ಅನ್ನ ಬೇಕಾದ್ರೆ ಮೊದ್ಲು ಬಾಯಿ ಮುಚ್ಚು" ಅಂದಾಗ ಪಕ್ಕದ ಹೆಂಗಸು ನಗು ತಡೆಯಲಾರದೆ ನನ್ನ ತೋಳು ಹಿಡಿದುಕೊಂಡಳು.

ಪತ್ರಿಕೆಯವರು ಅದನ್ನು "ಖೂಯ್ ಚೆಕ್ ಯಾನ್ ಹೌ" ಅಂದರೆ 'ಎಲ್ಲರ ಬಾಯಿಗೆ ರುಚಿಸಿದ ಮಾಂಸ' ಎಂದು ಹೊಗಳಿದರು. ಮೀನಿನಂಗಡಿಯ ಲೋ ಪತ್ರಿಕೆ ಹಿಡಿದು ನಮ್ಮ ಅಂಗಡಿಗೆ ಬಂದ. "ಅತ್ತಿಗೆ, ನಿಮ್ಮ ಹೆಬ್ಬಾತೂ ಹಾಗೇ ಅಲ್ವಾ, ಬೋರ್ಡ್ ಮೇಲೆ ಬರೆಸ್ಬಿಡಿ!" "ದಡ್ಡ, ಅದನ್ನ ಊಟಕ್ಕೆ ಹೇಳಲ್ಲ. ಕತೆಗೆ, ಹಾಡಿಗೆ ಹೇಳೋದು" ಅಂದೆ. ಹೈಸ್ಕೂಲಿನಲ್ಲಿ ಕಲಿತದ್ದು ಮರೆತಿಲ್ಲ: ಕೊಚ್ಚಿದ ಮಾಂಸ, ಸುಟ್ಟ ಮಾಂಸ ಹೇಗೆ ಎಲ್ಲರ ಬಾಯಿಗೂ ರುಚಿಯೋ, ಹಾಗೆ ಎಲ್ಲರೂ ಮೆಚ್ಚಿ ಕೊಂಡಾಡುವ ಕೃತಿ. ಲೋ ಬಿಡಲಿಲ್ಲ. "ಹಾಗಾದ್ರೆ ನಾಟಕದ ಆ ಮಾತು ಒಂದ್ಸಲ ಹೇಳಿ ಅತ್ತಿಗೆ, 'ಮೊದ್ಲು ಬಾಯಿ ಮುಚ್ಚು'!" ಸಾಲಿನಲ್ಲಿ ನಿಂತ ಗಿರಾಕಿಗಳೆಲ್ಲ ನನ್ನ ಹಳ್ಳಿಯ ರಾಗದಲ್ಲೇ ಕೂಗಿ ನಕ್ಕರು. ಆ ನುಡಿಗಟ್ಟಿನಲ್ಲಿರುವ ಮಾಂಸ ಯಾರದೆಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಕೊಚ್ಚಿದವಳು ನೀನು.

ಅಪ್ಪ ಆಸ್ಪತ್ರೆಯಲ್ಲಿ ದಿನವೂ ಒಂದೇ ಮಾತು ಕೇಳುತ್ತಿದ್ದರು: "ನಮ್ಮ ಹುಡುಗಿ ನಾಟಕ ಖೂಯ್ ಚೆಕ್ ಯಾನ್ ಹೌ ಆಯ್ತೇನೇ?" ನಾನು, "ಯಾರ ಬಾಯಲ್ಲೂ ಇಲ್ಲಾರೀ. ಎರಡನೇ ದಿನಕ್ಕೇ ಪರದೆ ಎಳೆದ್ರಂತೆ" ಅಂದೆ. "ಪಾಪ, ಮಗು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ಕೇಳಲಿಲ್ಲ.

ನಿನ್ನ ಅಣ್ಣ, ಅತ್ತಿಗೆ ಕ್ಷೇಮ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಾಯಿ,
ಫುಂಗ್ ಲಾಮ್ ಸೌ-ಕಿಂಗ್

ಇನ್ನೊಂದು ಮಾತು: ಟಿಕೆಟ್ ತೆಗೆಸಬೇಡ. ಅಪ್ಪನ ದಹನ ಹೋದ ವಾರವೇ ಮುಗಿಯಿತು. ಪತ್ರಿಕೆಗೆ ಕೊಟ್ಟ ಸಾವಿನ ಸುದ್ದಿಯಲ್ಲಿ ಅವರಿಗೆ ಮಕ್ಕಳೆಂದರೆ ಮಗನೊಬ್ಬನೇ ಎಂದು ಹಾಕಿಸಿದ್ದೇನೆ.